ಹಾಲಿನಲ್ಲಿಟ್ಟ ಪಚ್ಚೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ತಾಯಿ, ಮಗಳು ಹುಲ್ಲಹಳ್ಳಿ ಠಾಣೆಯ ಮೆಟ್ಟಿಲು ಹತ್ತಿದರು. ಮಗಳು ಪ್ರತಿ ಮೆಟ್ಟಿಲಿನ ಅಂಚನ್ನೂ ಕಾಲಿನಿಂದ ತಡವಿಕೊಂಡೇ ಹತ್ತಿದ್ದನ್ನು ಒಳಗೆ ಕುಳಿತಿದ್ದ ಪಿಎಸ್‌ಐ ರಾಹುಲ್ ನೋಡಿದ. ತಾಯಿ ಪುಟ್ಟಬಸಮ್ಮ, ಊರಿನವರೇ, ಗಂಡನನ್ನು ಕಳೆದುಕೊಂಡವರು. ಮಗಳು ನಯನ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಕೆಲಸ ಬಿಟ್ಟಿದ್ದಳು.

"ಏನು ಕಳುವಾಗಿದೆ?"

"ಪಚ್ಚೆ ಕಲ್ಲು ಸಾ," ಎಂದರು ಪುಟ್ಟಬಸಮ್ಮ. "ಉಂಗುರಕ್ಕೆ ಕೂರ್ಸೋ ಮುಂಚೆ ದೇವ್ರ ಮನೇಲಿ ಬೆಳ್ಳಿ ಬಟ್ಲಲ್ಲಿ ಆಲಾಕಿ ಇಟ್ಟಿದ್ವಿ. ಬೆಳಿಗ್ಗೆ ನೋಡುದ್ರೆ ಆಲೈತೆ, ಕಲ್ಲಿಲ್ಲ."

"ಬೆಲೆ ಎಷ್ಟು?"

"ಒಂಬತ್ತು ಲಕ್ಷ."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬಸವಣ್ಣನ ಪೆನ್ನು ನಿಂತಿತು.

"ಬಿಲ್ಲು?"

"ಇಲ್ಲ ಸಾ."

"ಸರ್ಟಿಫಿಕೇಟು?"

ತಾಯಿ ಮಗಳ ಮುಖ ನೋಡಿದರು. ಮಗಳು ರಾಹುಲ್ ಕುಳಿತಿದ್ದಾನೆಂದು ಅಂದಾಜು ಮಾಡಿದ ಕಡೆಗೆ ತಿರುಗಿ ಹೇಳಿದಳು: "ನಾನು ಕೇಳಿದ್ದೆ ಸರ್. ಕೇಳಿದ್ರೆ ಮಾವನಿಗೆ ಅವಮಾನ ಮಾಡಿದಂಗೆ ಅಂತ ಅಮ್ಮ ಅಂದ್ರು."

ಮಾವ ಎಂದರೆ ಪುಟ್ಟಬಸಮ್ಮನವರ ತಮ್ಮ ಗಂಗಾಧರಸ್ವಾಮಿ. ತಿ. ನರಸೀಪುರದಲ್ಲಿ ಬೆಳ್ಳಿ ಅಂಗಡಿ ಇಟ್ಟಿದ್ದವರು. ಆ ಸುತ್ತಿನಲ್ಲಿ ಯಾರು ಉಂಗುರಕ್ಕೆ ಕಲ್ಲು ಕೂರಿಸಲಿ, ಮೊದಲು ಗಂಗಣ್ಣನ ಕೈಗೆ ಕೊಟ್ಟು, ಅವರು ಸೈ ಎಂದ ಮೇಲೆ ದುಡ್ಡು ಬಿಚ್ಚುವುದು ವಾಡಿಕೆ. ಮೈಸೂರಿನ ಡಾಕ್ಟರು ನಯನಳ ಕಣ್ಣಿಗೆ ಇಂಜೆಕ್ಷನ್ ಆಗಬೇಕು, ಒಂದಲ್ಲ, ಹಲವು, ಬೇಗ ಶುರುವಾಗಬೇಕು ಎಂದಿದ್ದರು. ಅದಕ್ಕೆಂದೇ ನಾಲೆ ಕೆಳಗಿನ ಗದ್ದೆ ಮಾರಿದ್ದು. ಆಗ ಗಂಗಾಧರಸ್ವಾಮಿ ಅಡ್ಡ ಬಂದರು. "ಕಣ್ಣಿಗೆ ಸೂಜಿ ಚುಚ್ಚುಸ್ತೀರಾ? ನಂಜನಗೂಡಲ್ಲಿ ಪಚ್ಚೆ ಲಿಂಗ ಯಾಕೈತೆ ಗೊತ್ತಾ? ಸುಲ್ತಾನರ ಆನೆಗೆ ಕಣ್ಣು ಬಂದಿದ್ದು ಮರ್ತ್ರಾ?"

ರಾಹುಲ್ ಆ ಐತಿಹ್ಯ ಕೇಳಿದ್ದ. ಅದರಲ್ಲಿ ಮೊದಲು ಆನೆಗೆ ಕಣ್ಣು ಬರುತ್ತದೆ, ಆಮೇಲೆ ಹರಕೆಯೆಂದು ಪಚ್ಚೆ ಕೊಡುತ್ತಾರೆ. ಇವರು ಗದ್ದೆಯ ದುಡ್ಡಿಗೆ ಪಚ್ಚೆ ಕೊಂಡು ಕಣ್ಣು ಬರಲಿ ಎಂದು ಕುಳಿತಿದ್ದರು. ಕತೆಯನ್ನು ತಲೆಕೆಳಗು ಮಾಡಿ ಗದ್ದೆ ಕಳೆದುಕೊಂಡಿದ್ದರು.

"ನಂಗೆ ಉಂಗುರ ಬೇಡ ಸರ್," ಎಂದಳು ನಯನ. "ಇವತ್ತು ಮೈಸೂರಿನ ಲ್ಯಾಬಿಗೆ ತಗೊಂಡು ಹೋಗಿ, ಅಸಲಿ ಅಂತ ಕಾಗದ ಸಿಕ್ಕಿದ್ರೆ ಮಾರಿಬಿಟ್ಟು ಇಂಜೆಕ್ಷನ್ ಶುರು ಮಾಡಿಸ್ಬೇಕು ಅಂತಿದ್ದೆ. ನಿನ್ನೆ ಸಂಜೆ ಮನೇಲಿ ಹೇಳಿದೆ. ಬೆಳಿಗ್ಗೆ ಕಲ್ಲಿಲ್ಲ."

"ಸಂಜೆ ಮನೇಲಿ ಯಾರ್ಯಾರಿದ್ರು?"

"ನಾನು, ಅಮ್ಮ, ಮಾವ. ಕಲ್ಲು ಕೊಡಿಸಿದ ದಲ್ಲಾಳಿ ರಂಗಸ್ವಾಮಿ ಬಂದು ಟೀ ಕುಡಿದು ಹೋದ್ರು."

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ವಾಸದ ಮನೆಯ ಕಳವೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಹಿತ್ತಲ ಬಾಗಿಲಿನ ಚಿಲಕ ಸರಿಯಿತ್ತು, ಹಂಚು ಸರಿಯಿತ್ತು, ಕಿಟಕಿಯ ಸರಳು ಸರಿಯಿತ್ತು. ಹೊರಗಿನಿಂದ ಬೆಕ್ಕೂ ನುಗ್ಗಿದ ಗುರುತಿರಲಿಲ್ಲ. ದೇವರ ಮನೆಯ ಬಟ್ಟಲು ಹಾಗೇ ಇತ್ತು. ಮಹಿಳಾ ಕಾನ್‌ಸ್ಟೇಬಲ್ ಕೋಮಲ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು.

"ನೋಡಿ ಸಾ," ಎಂದರು ಪುಟ್ಟಬಸಮ್ಮ. ಕಳುವಾದ ದುಃಖದಲ್ಲೂ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು. "ಬೆಚ್ಚಗಿನ್ ಆಲಿಗೆ ಆಕುದ್ರೆ ಆಲು ಅಸ್ರಾಗಿ ಕಾಣ್ಬೇಕು, ಅದೇ ಅಸಲಿ ಪಚ್ಚೆ ಅಂದಿದ್ದ ನನ್ ತಮ್ಮ. ಕಲ್ಲೋದ್ರೂ ಇನ್ನೂ ಎಂಗೈತೆ ನೋಡಿ!"

ನಿಜ. ಹಾಲು ಎಳೆ ಹುರಳಿಕಾಯಿಯ ಬಣ್ಣಕ್ಕಿತ್ತು. ಬಾಗಿಲಲ್ಲಿ ನಿಂತಿದ್ದ ಗಂಗಾಧರಸ್ವಾಮಿ ಬಟ್ಟಲಿನ ಕಡೆ ನೋಡಲಿಲ್ಲ. ಅರವತ್ತು ದಾಟಿದ ಅಚ್ಚುಕಟ್ಟು ಮನುಷ್ಯ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕೇಳುವ ಮೊದಲೇ ಜೇಬುಗಳನ್ನು ಹೊರಕ್ಕೆ ತಿರುವಿ ತೋರಿಸಿದರು, ಚೀಲವನ್ನೂ ಕೊಡವಿದರು. ಕರಡಿಗೆಯ ಕಡೆ ಯಾರ ಕಣ್ಣೂ ಹೋಗಲಿಲ್ಲ. ಕಣ್ಣು ಹಾಯಿಸುವ ಜಾಗವೇ ಅಲ್ಲ ಅದು.

ಕಾಫಿ ಬಂತು. ಬಸವಣ್ಣನಿಗೆ ಸ್ಟೀಲ್ ಲೋಟದಲ್ಲಿ, ರಾಹುಲ್‌ಗೂ ಕೋಮಲಳಿಗೂ ಕಾಗದದ ಕಪ್ಪಿನಲ್ಲಿ. ಮನೆಗೆ ಬಂದ ಸಾಹೇಬರ ಜಾತಿ ಊರಿಗೆಲ್ಲ ಗೊತ್ತಿರುತ್ತದೆ, ಸಾಹೇಬರು ಬರುವ ಮೊದಲೇ. ಇದು ರಾಹುಲ್‌ಗೆ ಹೊಸತಲ್ಲ. ಹೊಸತಲ್ಲ ಎಂದು ನೋವು ಕಡಿಮೆಯೇನೂ ಆಗುವುದಿಲ್ಲ. ಕುಡಿದ.

"ನೀವು ತಗೊಳಿ ಸ್ವಾಮಿಯೋರೆ," ಎಂದ ಬಸವಣ್ಣ.

"ಬ್ಯಾಡ. ಪೂಜೆ ಆಗಿಲ್ಲ," ಎಂದರು ಗಂಗಾಧರಸ್ವಾಮಿ.

"ಬೆಳಿಗ್ಗೆ ಆರಕ್ಕೇ ಲಿಂಗಪೂಜೆ ಮುಗ್ಸೋನು," ಎಂದು ಅಕ್ಕ ನೊಂದುಕೊಂಡರು. "ಪೂಜೆ ಆಗ್ದೆ ಒಂದ್ ತೊಟ್ಟು ನೀರೂ ಮುಟ್ಟಲ್ಲ. ಈ ಕಳ್ಳತನದಾಗೆ ಅದೂ ತಪ್ಪೋಯ್ತು."

ಮಾರನೆಯ ದಿನ ದಲ್ಲಾಳಿ ರಂಗಸ್ವಾಮಿ ನಂಜನಗೂಡಿನ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಸಿಕ್ಕಿದ. ಅನುಮಾನವೆಲ್ಲ ಅವನ ಮೇಲೇ ಇತ್ತು. ಅವನೋ ದೋಸೆ ಮುಗಿಸಿ, ಕೈ ತೊಳೆದು, ನಿಧಾನಕ್ಕೆ ಬಂದ.

"ಭಾನುವಾರ ರಾತ್ರಿ ಎಲ್ಲಿದ್ದೆ?"

"ಮದ್ವೆ ಮನೇಲಿ ಸಾ, ಬದನವಾಳಲ್ಲಿ. ಊಟಕ್ಕೆ ಬಡಿಸ್ದೋರೆಲ್ಲ ಹೇಳ್ತಾರೆ. ಕೇಳಿ."

"ಕಲ್ಲು ಎಲ್ಲಿಂದ ತಂದೆ?"

"ಕೈಯಿಂದ ಕೈಗೆ ಬಂದಿದ್ದು ಸಾ. ಅಸಲಿ ಅಂತ ನಾನು ಹೇಳೇ ಇಲ್ಲ. ಲ್ಯಾಬಿಗೆ ಕಳಿಸ್ಲಾ ಅಂತ ನಾನೇ ಕೇಳ್ದೆ. ಗಂಗಣ್ಣನೋರು ಕಲ್ಲನ್ನ ನಾಲಗೆಗೆ ಮುಟ್ಟಿಸಿ ತಣ್ಣಗೈತೆ ಅಂದ್ರು, ಬಿಸಿಲಿಗೆ ಹಿಡಿದು ಒಳಗೆ ಪಾಚಿ ಐತೆ, ಅಸಲಿ ಪಚ್ಚೆಗೇ ಅದಿರೋದು ಅಂದ್ರು. 'ನನ್ ಕಣ್ಣಿಗಿಂತ ಸರ್ಟಿಫಿಕೇಟ್ ಬೇಕೇನ್ಲಾ' ಅಂತ ನಂಗೇ ಗದರಿದ್ರು. ಮಾರಿದ್ಮೇಲೆ ಕದಿಯೋಕೆ ನಂಗೇನ್ ತಲೆ ಕೆಟ್ಟೈತಾ?"

ಬದನವಾಳಿಗೆ ಹೋಗಿ ವಿಚಾರಿಸಿದರು. ಮಾತು ನಿಜವಾಗಿತ್ತು. ಮೋಸ ಮಾಡಿದವನು ಅವನೇ ಎಂದು ರಾಹುಲ್‌ಗೆ ಒಳಗೊಳಗೇ ಗೊತ್ತಿತ್ತು. ಆದರೆ ಕಾಗದ ಕೊಡದವನ ಮೇಲೆ ಯಾವ ಕಾಗದ ಹಿಡಿದು ಕೇಸು ಹಾಕುವುದು? ರಂಗಸ್ವಾಮಿ ನಮಸ್ಕಾರ ಹೊಡೆದು ಬೈಕು ಹತ್ತಿದ.

ಜೀಪಿನಿಂದಲೇ ರಾಹುಲ್ ಮೈಸೂರಿನ ರತ್ನ ಪರೀಕ್ಷೆಯ ಲ್ಯಾಬಿಗೆ ಫೋನು ಮಾಡಿದ. ಅರ್ಪಿತ ಎಂಬ ಪರೀಕ್ಷಕಿ ಮಾತಾಡಿದಳು.

"ಕಲ್ಲು ತೆಗೆದ ಮೇಲೂ ಹಾಲು ಹಸಿರಾಗೇ ಇತ್ತಾ ಸರ್?"

"ಇತ್ತು."

"ಒಳ್ಳೆ ಕಲ್ಲಾದ್ರೆ ಅದು ಒಳಗಿರುವಾಗ ಹಾಲು ಹಸಿರಾಗಿ ಕಾಣಬಹುದು ಅಷ್ಟೆ. ತೆಗೆದ್ರೆ ಹಾಲು ಬೆಳ್ಳಗೇ ಇರುತ್ತೆ. ನಿಮ್ಮದು ಬಣ್ಣ ಬಿಟ್ಟಿದೆ. ಬಿರುಕಿಗೆ ಬಣ್ಣದ ಎಣ್ಣೆ ತುಂಬಿ ಮಾರ್ತಾರೆ ಸರ್."

"ಹಾಗಾದ್ರೆ ಗಾಜಾ? ಒಳಗೆ ಪಾಚಿ ಕಂಡಿತ್ತಂತೆ."

"ಗಾಜೂ ಇರಬಹುದು, ಪಚ್ಚೆಯೂ ಇರಬಹುದು. ನೋಡದೆ ಹೇಳಲ್ಲ. ಒಳಗೆ ಪಾಚಿ ಥರ ಕಂಡಿತು ಅಂತ ಯಾರೂ ಬೆಲೆ ಕಟ್ಟೋಕಾಗಲ್ಲ. ಕಾಗದ ಇಲ್ಲದ ಕಲ್ಲು ಕೊಳ್ಳೋದು ಪಹಣಿ ನೋಡದೆ ಹೊಲ ಕೊಂಡ ಹಾಗೆ."

ಪುಟ್ಟಬಸಮ್ಮನವರ ಗದ್ದೆ ಕೊಂಡವರು ಪಹಣಿ, ಪೋಡಿ, ವಂಶವೃಕ್ಷ ಎಲ್ಲವನ್ನೂ ಕೇಳಿ ಪಡೆದೇ ದುಡ್ಡು ಕೊಟ್ಟಿದ್ದರು. ಆ ದುಡ್ಡು ಒಂದು ಚೂರು ಕಾಗದವೂ ಇಲ್ಲದೆ ಹೊರಟುಹೋಗಿತ್ತು.

ಬುಧವಾರ ಮಧ್ಯಾಹ್ನ ಮೂರಕ್ಕೆ ಜೀಪು ತಿ. ನರಸೀಪುರದಲ್ಲಿ ಗಂಗಾಧರಸ್ವಾಮಿಯ ಮನೆ ಮುಂದೆ ನಿಂತಿತು. ಅವರ ಹೆಂಡತಿ ಅಳುತ್ತಲೇ ಬಾಗಿಲು ತೆರೆದರು.

"ಅಕ್ಕನ ಮನೆಯಿಂದ ಬಂದಾಗಿಂದ ಒಂದಗುಳು ಮುಟ್ಟಿಲ್ಲ ಸಾ. ಪೂಜೆಗೆ ಇಟ್ಟ ನೀರು ಇಟ್ಟಂಗೇ ಐತೆ. ಕರಡಿಗೆ ಬಿಚ್ಚೇ ಇಲ್ಲ. ಕೇಳುದ್ರೆ ಒಳೆ ಕಡೀಕೆ ಎದ್ದೋಯ್ತಾರೆ."

ಹೊಳೆ ಸಂಗಮದ ಕಡೆ ಜೀಪು ತಿರುಗಿತು. ರಾಹುಲ್ ಕೇಳಿದ: "ಬಸವಣ್ಣನೋರೆ, ಲಿಂಗಪೂಜೆ ಬಿಡದ ಮನುಷ್ಯ ಹಸಿದುಕೊಂಡು ಕೂತ್ರೂ ಕರಡಿಗೆ ಯಾಕೆ ಬಿಚ್ಚಲ್ಲ?"

ಬಸವಣ್ಣನ ಕೈ ತನ್ನ ಅಂಗಿಯೊಳಗಿನ ಕರಡಿಗೆಯ ಮೇಲೆ ಹೋಯಿತು. "ಬ್ಯಾಡ ಸಾ," ಎಂದ. "ಆ ಮಾತು ಬಾಯಲ್ಲಿ ಆಡ್ಬ್ಯಾಡಿ. ಅದರಾಗೆ ಏನೂ ಸಿಗ್ಲಿಲ್ಲ ಅಂದ್ರೆ ನಿಮ್ಮನ್ನ ಉಳಿಸಲ್ಲ ಜನ. ನಿಮ್ಮನ್ನಂತೂ ಉಳಿಸಲ್ಲ."

ನಿಮ್ಮನ್ನಂತೂ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋಮವಾರ ತಾನು ಆ ಕರಡಿಗೆಯ ಕಡೆ ನೋಡದೆ ಇದ್ದದ್ದು ಗೌರವದಿಂದ ಮಾತ್ರವಲ್ಲ, ಹೆದರಿಕೆಯಿಂದಲೂ ಎಂದು ರಾಹುಲ್‌ಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಬಂತು.

ಗಂಗಾಧರಸ್ವಾಮಿ ಸೋಪಾನಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ತುಟಿ ಒಣಗಿತ್ತು. ರಾಹುಲ್ ಎರಡು ಮೆಟ್ಟಿಲು ಮೇಲೆಯೇ ನಿಂತ. ಎದೆಯ ಮೇಲಿನ ಬಿಳಿ ಶಿವದಾರ ಕರಡಿಗೆಯ ಬಾಯಿ ಮುಟ್ಟುವಲ್ಲಿ ತೆಳ್ಳಗೆ ಹಸಿರಾಗಿತ್ತು.

"ದಾರಕ್ಕೆ ಬಣ್ಣ ಹತ್ತಿದೆ ಸ್ವಾಮಿ."

ಮುದುಕರ ಕೈ ತಾನೇ ಎದೆಗೆ ಹೋಯಿತು.

"ನಾನು ಮುಟ್ಟಲ್ಲ," ಎಂದ ರಾಹುಲ್. "ಯಾರೂ ಮುಟ್ಟಲ್ಲ. ನೀವೇ ತೆಗೀರಿ."

ಪಂಚರನ್ನು ಕರೆತರುವವರೆಗೂ ಅವರು ಹೊಳೆಯನ್ನೇ ನೋಡುತ್ತಿದ್ದರು. ಕೋಮಲ ವಿಡಿಯೊ ಶುರು ಮಾಡಿದಳು. ಗಂಗಾಧರಸ್ವಾಮಿ ಕೈ ತೊಳೆದು, ಕಣ್ಣು ಮುಚ್ಚಿಕೊಂಡೇ ಕರಡಿಗೆ ಬಿಚ್ಚಿದರು. ಲಿಂಗಕ್ಕೆ ಸುತ್ತಿದ ಬಟ್ಟೆಯ ಮಡಿಕೆಯಲ್ಲಿ ಕಡಲೆಕಾಳಿಗಿಂತ ತುಸು ದಪ್ಪದ ಹಸಿರು ಕಲ್ಲಿತ್ತು. ಬಟ್ಟೆಗೂ ಬಣ್ಣ ಬಿಟ್ಟಿತ್ತು. ಕಲ್ಲನ್ನು ಕೋಮಲ ಹಿಡಿದ ಪ್ಲಾಸ್ಟಿಕ್ ಕವರಿಗೆ ತಾವೇ ಹಾಕಿದರು. ಬಸವಣ್ಣ ಮುಖ ತಿರುಗಿಸಿ ನಿಂತಿದ್ದ.

"ಯಾಕೆ?"

"ಅವತ್ತು ಎಲ್ರೂ ಮಲಗಿದ್ಮೇಲೆ ಇನ್ನೊಂದ್ಸಲ ನೋಡ್ಮಾ ಅಂತ ಕಲ್ಲೆತ್ತಿದೆ. ಆಲು ಬೆಳ್ಳಗೆ ತಿರುಗ್ಲೇ ಇಲ್ಲ," ಎಂದರು ಗಂಗಾಧರಸ್ವಾಮಿ. "ಬೆಳಗಾದ್ರೆ ಮಗು ಲ್ಯಾಬಿಗೆ ತಗೊಂಡೋಗ್ತದೆ. ಗಂಗಣ್ಣ ಗಾಜಿಗೆ ಸೈ ಅಂದ ಅಂತ ಊರೆಲ್ಲ ಆಡ್ಕೋತದೆ. ಕಳುವಾಯ್ತು ಅಂದ್ರೆ ಕಲ್ಲಿಗೆ ಮರ್ಯಾದೆ ಉಳೀತದೆ. ನಂಗೂ ಉಳೀತದೆ."

"ಮಗುವಿನ ಕಣ್ಣು?"

ಅವರು ಕರಡಿಗೆ ಮುಚ್ಚಿದರು.

"ಹೊಳೆಗೆ ಎಸೆಯೋಕೆ ಬಂದಿದ್ರಿ ಅಲ್ವಾ? ಯಾಕೆ ಎಸೀಲಿಲ್ಲ?"

"ದಿನಾ ಅದಕ್ಕೇ ಬತ್ತಿದ್ದೆ." ಮುದುಕರು ಮೊದಲ ಸಲ ಅವನ ಮುಖ ನೋಡಿದರು. "ಅಸಲಿ ಆಗಿದ್ರೆ?"

ಸಂಜೆ ಐದೂವರೆಗೆ ದಸ್ತಗಿರಿ ಆಯಿತು. ಅಕ್ಕನ ಮನೆಗೆ ಸುದ್ದಿ ಮುಟ್ಟಿಸಲು ಬಸವಣ್ಣ ಒಪ್ಪಲಿಲ್ಲ. ಫೋನು ರಾಹುಲನೇ ಮಾಡಿದ. ಪುಟ್ಟಬಸಮ್ಮ ನಂಬಲಿಲ್ಲ. "ನೀವೇ ಏನೋ ಮಾಡಿದ್ದೀರ, ನಮ್ ಜನ ಅಂದ್ರೆ ನಿಮಗಾಗಲ್ಲ," ಎಂದು ಫೋನಿಟ್ಟರು. ಬೈಸಿಕೊಳ್ಳುವುದೂ ಡ್ಯೂಟಿಯೇ ಎಂದುಕೊಂಡು ರಾಹುಲ್ ಕೇಸ್ ಡೈರಿ ಬರೆಯಲು ಕುಳಿತ.

ನ್ಯಾಯಾಲಯದ ಅನುಮತಿ ಪಡೆದು ಕಳಿಸಿದ ಕಲ್ಲಿನ ವರದಿ ಬರುವ ಹೊತ್ತಿಗೆ ಗಂಗಾಧರಸ್ವಾಮಿಗೆ ಜಾಮೀನು ಸಿಕ್ಕಿತ್ತು. ವಾರಕ್ಕೊಮ್ಮೆ ಠಾಣೆಗೆ ಬಂದು ರುಜು ಹಾಕಬೇಕು. ಅವತ್ತು ಬಂದಾಗ ನಯನ ಬೆಂಚಿನ ಮೇಲೆ ಕುಳಿತಿದ್ದಳು, ವರದಿ ಕೇಳಲು ಬಂದವಳು. ಮಾವ ಒಳಗೆ ಬಂದದ್ದು ಅವಳಿಗೆ ಕಾಣಲಿಲ್ಲ. ಕೆಮ್ಮಿನಿಂದ ಗೊತ್ತಾಯಿತು.

ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದು, ದೂರ ಹಿಡಿದು ನೋಡಿ, ಅವಳು ಕೋಮಲಳ ಕೈಗೆ ಕೊಟ್ಟಳು. "ನೀವೇ ಓದಿ ಮೇಡಂ."

"ಸದರಿ ಕಲ್ಲು ನೈಸರ್ಗಿಕ ಪಚ್ಚೆ," ಎಂದು ಕೋಮಲ ಶುರು ಮಾಡಿದಳು.

ಗಂಗಾಧರಸ್ವಾಮಿಯ ಬೆನ್ನು ನೆಟ್ಟಗಾಯಿತು. ಕಣ್ಣಲ್ಲಿ ನೀರು ಬಂತು. "ಪಚ್ಚೆ! ಕೇಳಿದ್ಯೇನವ್ವ? ಗಾಜಲ್ಲ ಕಣವ್ವ, ಪಚ್ಚೆ! ನನ್ ಕಣ್ಣು ಸುಳ್ಳೇಳಲ್ಲ. ಸಾಕು, ಅಷ್ಟೇ ಸಾಕು ಮೇಡಂ."

ಕೋಮಲ ರಾಹುಲ್ ಕಡೆ ನೋಡಿದಳು. ಮುಂದಿನ ಸಾಲುಗಳನ್ನು ಇಬ್ಬರೂ ಬೆಳಿಗ್ಗೆಯೇ ಓದಿದ್ದರು. ಯಾವ ತಪ್ಪು ಮುಚ್ಚಲು ಈ ಮನುಷ್ಯ ಕಳ್ಳನಾದನೋ ಆ ತಪ್ಪನ್ನು ಅವನು ಪೂರ್ತಿ ಮಾಡಿಯೇ ಇರಲಿಲ್ಲ. ಅವತ್ತೇ ಲ್ಯಾಬಿಗೆ ಹೋಗಿದ್ದರೆ ತಲೆ ಎತ್ತಿಕೊಂಡೇ ಅರ್ಧ ತಪ್ಪು ಒಪ್ಪಿಕೊಳ್ಳಬಹುದಿತ್ತು. ಅಲ್ಲಿಗೇ ನಿಲ್ಲಿಸು ಎನ್ನಬೇಕೆಂದು ರಾಹುಲ್‌ಗೂ ಒಂದು ಕ್ಷಣ ಅನ್ನಿಸಿತು.

"ಪೂರ್ತಿ ಓದಿ," ಎಂದಳು ನಯನ.

ಕೋಮಲ ಓದಿದಳು. ಒಳಗೆಲ್ಲ ಬಿರುಕು, ಬಿರುಕಿಗೆಲ್ಲ ಬಣ್ಣದ ಎಣ್ಣೆ, ಕೀಳು ದರ್ಜೆ. ಅಂದಾಜು ಬೆಲೆ ಇಪ್ಪತ್ತೆರಡು ಸಾವಿರ.

"ಇಪ್ಪತ್ತೆರಡು," ಎಂದು ನಯನ ತನಗೆ ತಾನೇ ಹೇಳಿಕೊಂಡಳು. "ಒಂದು ಇಂಜೆಕ್ಷನ್ ಆಗ್ತದೆ."

ಅವಳು ಎದ್ದು ಬಾಗಿಲು ಎಲ್ಲಿದೆಯೆಂದು ಕೈ ಚಾಚಿದಳು. ಚಿಕ್ಕಂದಿನಿಂದ ಮಾವ ಹಿಡಿದು ನಡೆಸಿದ ಕೈ ಅದು. ಗಂಗಾಧರಸ್ವಾಮಿ ಅಭ್ಯಾಸಬಲದಿಂದ ಎದ್ದು ಹಿಡಿದುಕೊಂಡರು. ಯಾರ ಕೈಯೆಂದು ಅವಳಿಗೆ ಮುಟ್ಟಿದೊಡನೆ ತಿಳಿಯಿತು. ಮೆಲ್ಲಗೆ ಬಿಡಿಸಿಕೊಂಡು, "ಮೇಡಂ, ಎಲ್ಲಿದ್ದೀರಿ?" ಎಂದಳು. ಕೋಮಲ ಬಂದು ಅವಳನ್ನು ಮೆಟ್ಟಿಲು ಇಳಿಸಿದಳು.

ಮುದುಕರು ರುಜು ಹಾಕುವುದನ್ನು ಮರೆತು ನಿಂತೇ ಇದ್ದರು. ಬಸವಣ್ಣ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಮುಂದೆ ಹಿಡಿದ. ಅವರು ಬೇಡವೆಂದು ತಲೆಯಾಡಿಸಿದರು. ಪೊಲೀಸರು ಮುಟ್ಟದೆ ಅವರಿಗೇ ಬಿಟ್ಟಿದ್ದ ಕರಡಿಗೆ ಎದೆಯ ಮೇಲೆ ಇರಲಿಲ್ಲ.