ಶಂಕ್ರವ್ವನ ಅಂಕಿತ

ಅಕ್ಕಿಆಲೂರಿನ ಶಂಕ್ರವ್ವ ತಾನೇ ಕಟ್ಟಿದ ಪದಗಳನ್ನು ಹಾಡುತ್ತಿದ್ದಳು. ಕೊನೆಯ ಸಾಲಿನಲ್ಲಿ ತನ್ನ ಹೆಸರಿನ ಅಂಕಿತ ಹೇಳಿ, ತಾಳವನ್ನು ಒಂದೇ ಸಲ ಬಡಿದು ನಿಲ್ಲಿಸುತ್ತಿದ್ದಳು. ನಮ್ಮ ಕಾಲೇಜಿನ ಕಿರುಚಿತ್ರಕ್ಕೆ ಅವಳ ಪದ ರೆಕಾರ್ಡ್ ಮಾಡಿಕೊಂಡ ಗೆಳೆಯ ಫಕ್ಕೀರೇಶ, ಆ ಸಾಲನ್ನೇ ಕತ್ತರಿಸಿ ರಚನೆ ತನ್ನದೆಂದು ಹಾಕಿಕೊಂಡ.

“ಅಂಕಿತ ತಗೀಬ್ಯಾಡೋ, ಪದ ಅನಾಥ ಆಗ್ತೈತಿ,” ಅಂದೆ.

“ನೀವು ಭಜನಿಗೆ ಹೋಗ್ರಿ ಸ್ವಾಮ್ಯಾರ,” ಎಂದು ನಕ್ಕ.

ಸುದ್ದಿ ತಿಳಿದ ಶಂಕ್ರವ್ವ ಅವನಿಗೆ ಫೋನು ಮಾಡಿದಳು. “ನನ್ನ ಹೆಸರು ನುಂಗಿದ್ಯಲ್ಲೋ ತಮ್ಮಾ. ನಿನ್ನ ಹೆಸರು ನಾ ನುಂಗತೇನಿ, ತಗೋ.” ಅದೇ ವಾರ ತೀರಿಕೊಂಡಳು.

ಆಮೇಲೆ ಒಂದು ಮಧ್ಯಾಹ್ನ, ಗೊಟಗೋಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಚಿತ್ರಕ್ಕೆ ಶೀರ್ಷಿಕೆ ಆರಿಸಲು ಕುಳಿತೆವು. ಹೊರಗೆ ಸುಡುವ ಬಿಸಿಲಿದ್ದರೂ ಒಳಗಿನ ನೆಲ ಹಸಿಮಣ್ಣಿನಂತೆ ತಣ್ಣಗಿತ್ತು. ಅವನು ಒಂದೊಂದು ಶೀರ್ಷಿಕೆ ಟೈಪ್ ಮಾಡಿದಾಗಲೂ ಸ್ಪೀಕರಿನಲ್ಲಿ ತಾಳ ಒಮ್ಮೆ ಬಡಿಯಿತು. ವೈರು ಕಿತ್ತೆ. ಆದರೂ ಬಡಿಯಿತು.

ಕೊನೆಗೆ ಹಟದಿಂದ ‘ನನ್ನ ಪದ’ ಎಂದು ಹೊಡೆದು, ಗಟ್ಟಿಯಾಗಿ ಓದಿದ: “ನನ್ನ ಪದ. ರಚನೆ, ನಿರ್ದೇಶನ...” ಮುಂದೆ ಅವನ ಬಾಯಿಂದ ಅವನ ಹೆಸರು ಬರಲಿಲ್ಲ.

ಈಗಲೂ ಎಲ್ಲ ಮಾತಾಡುತ್ತಾನೆ. ಮೊನ್ನೆ ಸವಣೂರಿನ ದವಾಖಾನೆಯಲ್ಲಿ ನರ್ಸ್ ಅವನ ಹೆಸರು ಕೇಳಿದಳು. ಬಾಯಿ ತೆರೆದ. ಒಳಗಿಂದ ತಾಳ ಒಂದೇ ಸಲ ಬಡಿಯಿತು.