ಫಲಿತಾಂಶ ಭಾಗದಲ್ಲಿ ಅವನ ಅಮ್ಮ

ಅವನು ನಂಬಿ ಹೇಳಿಕೊಂಡ ಮಾತನ್ನು ಅವಳು ಅವನನ್ನು ಕೇಳದೆ ತನ್ನ ಸಂಶೋಧನಾ ಪ್ರಬಂಧದಲ್ಲಿ ಹಾಕಿದಳು.

ಅದನ್ನು ಅವನು ಓದಿದ್ದು ಮನಶ್ಶಾಸ್ತ್ರ ವಿಭಾಗದ ಓದುಕೋಣೆಯಲ್ಲಿ, ಅಂಕಿಅಂಶ ನೋಡಿಕೊಡಲೆಂದು ಅವಳ ಎದುರಿಗೇ ಕುಳಿತಾಗ.

ಅವನು ಸಂಖ್ಯಾಶಾಸ್ತ್ರ ಕಲಿಸುವವನು. ಸಂಶೋಧನೆ ಮಾಡುವವರೆಲ್ಲ ಅಂಕಿಅಂಶ ತಿದ್ದಿಸಲು ಅವನ ಬಳಿಗೇ ಓಡಿಬರುತ್ತಿದ್ದರಿಂದ ಎಲ್ಲರ ಬಾಯಲ್ಲೂ 'ಟೇಬಲ್ ಮಾಸ್ತರು'. ಅವಳು ಮೊದಲ ಸಲ ಬಂದಾಗ, "ಏನ್ರೀ ಇದು, ಟೇಬಲ್ಲೋ ಜೈಲಿನ ಕಿಟಕಿಯೋ? ನಿಂತ ಗೆರೆ ಎಲ್ಲಾ ತೆಗೀರಿ, ಪಾಪ ಅಂಕಿಗಳು ಉಸಿರಾಡ್ಲಿ" ಎಂದು ನಗಿಸಿದ್ದ. ಆ ನಗುವಿಗೇ ಅವಳು ಸೋತಿದ್ದಳು.

ಇವತ್ತು ಅವನು ನಗಲಿಲ್ಲ. ಪುಟ ತಿರುವುತ್ತಿದ್ದ ಬೆರಳು ಒಂದು ಕಡೆ ನಿಂತುಬಿಟ್ಟಿತು.

ಎಡ ಅಂಚಿನಿಂದ ಒಳಗೆ ಸರಿಸಿ, ಅಚ್ಚುಕಟ್ಟಾಗಿ ಕೂರಿಸಿದ ನಾಲ್ಕಾರು ಸಾಲು.

'ಆಸ್ಪತ್ರೆಯಲ್ಲಿ ರೋಗಿಗಳ ಮಲದ ಪಾತ್ರೆ ತೊಳೆಯುವ ಆಯಾಳ ಮಗ ಎಂದು ಶಾಲೆಯಲ್ಲಿ ನನಗೆ ಬೇರೆ ಬೆಂಚು ಹಾಕಿದರು. ಅಂದಿನಿಂದ ಅಮ್ಮ ದಾರಿಯಲ್ಲಿ ಎದುರಾದರೆ ಗುರುತಿಲ್ಲದವಳ ಹಾಗೆ ನಡೆದುಹೋಗುತ್ತಿದ್ದಳು. ಒಮ್ಮೆ ಅಮ್ಮಾ ಎಂದು ಕೂಗಿದೆ. ತಿರುಗಿ ನೋಡಲಿಲ್ಲ.'

"ಹೆಸರು ಹಾಕಿಲ್ಲ..." ಎಂದಳು ಅವಳು. ತನ್ನ ದನಿ ತನಗೇ ಅಸಹ್ಯವೆನಿಸಿತು.

"ಹೌದು, ಹಾಕಿಲ್ಲ. 'ಭಾಗವಹಿಸಿದವರಲ್ಲೊಬ್ಬ' ಅಂತ ಇದೆ." ಅವನು ಹಾಳೆಗಳನ್ನು ಜೋಡಿಸಿ ಅವಳ ಕಡೆ ಸರಿಸಿದ. "ನಾನು ಯಾವಾಗ ಭಾಗವಹಿಸಿದ್ದು? ನಿನ್ನ ಭುಜಕ್ಕೆ ತಲೆ ಇಟ್ಟಾಗ್ಲಾ?"

ಅವಳು ಆ ಪುಟವನ್ನು ಬೋರಲು ಹಾಕಿದಳು.

"ಟೇಬಲ್ ಎಲ್ಲಾ ಸರಿಯಾಗಿದೆ. ಕಳಿಸ್ಬಹುದು," ಎಂದು ಅವನು ಎದ್ದು ಹೋದ.

ಅವಳ ವಿಷಯವೇ ಬಾಲ್ಯದ ಅವಮಾನ. ವಿಧಾನ, ಫಲಿತಾಂಶ, ಚರ್ಚೆ... ಎಲ್ಲವನ್ನೂ ನಿಯಮದಂತೆ ಕಟ್ಟಿದ್ದಳು. ಆದರೆ ಮಾರ್ಗದರ್ಶಕಿ ಮೇಡಂ, "ಫಲಿತಾಂಶ ಒಣಕಲು. ಜೀವ ಇರೋ ಮಾತು ಒಂದಾದ್ರೂ ಬೇಕು" ಎಂದಿದ್ದರು. ಅವಳು ಜೀವ ಇರುವ ಮಾತನ್ನೇ ಹುಡುಕಿದಳು. ಕೈಗೆ ಹತ್ತಿರವಿದ್ದದ್ದು ಅದೇ.

ಬಡವರ ಅವಮಾನಕ್ಕೆ ಇಂಥ ಕಡೆ ಒಳ್ಳೆಯ ಬೇಡಿಕೆ. ಕಿತ್ತು ತಂದು, ಅಂಚು ಅಳೆದು ಕೂರಿಸಿದರೆ ಪದವಿ ಬರುತ್ತದೆ. ಅವಮಾನಪಟ್ಟವರು ಇದ್ದಲ್ಲೇ ಇರುತ್ತಾರೆ. ಹೀಗೆಂದು ಚರ್ಚಾಕೂಟಗಳಲ್ಲಿ ಗಂಟಲು ಹರಿದುಕೊಂಡು ಮಾತಾಡಿದವಳು ಅವಳೇ...

ಅವಳು ನೇರ ಮೇಡಂ ಕೋಣೆಗೆ ಹೋದಳು. "ಆ ಉಲ್ಲೇಖ ತೆಗೀತೀನಿ ಮೇಡಂ. ಅದು ಸಂದರ್ಶನದಲ್ಲಿ ಬಂದಿದ್ದಲ್ಲ. ಅವರ ಒಪ್ಪಿಗೆ ಇಲ್ಲ."

ಮೇಡಂ ಕನ್ನಡಕ ತೆಗೆದರು. "ಚರ್ಚೆ ಭಾಗ ಪೂರ್ತಿ ಅದರ ಮೇಲೇ ನಿಂತಿದೆ. ತೆಗೆದ್ರೆ ಉಳಿಯೋದೇನು, ಉಲ್ಲೇಖಸೂಚಿನಾ?" ಡ್ರಾಯರಿನಿಂದ ಒಪ್ಪಿಗೆ ಪತ್ರ ಎಳೆದು ಮುಂದಿಟ್ಟರು. "ಹಳೇ ತಾರೀಖು ಹಾಕಿ ಸಹಿ ಮಾಡಿಸ್ಕೊಂಡು ಬಾ. ಟೇಬಲ್ ಮಾಸ್ತರ ಮಾತು ತಾನೇ ಅದು? ನಿನ್ನ ಮೇಲೆ ಪ್ರಾಣ ಇಟ್ಟಿದಾನಂತಲ್ಲ, ಹಾಕ್ತಾನೆ."

ಬೇಡ ಎನ್ನಬೇಕಿತ್ತು. ಅವಳು ಪತ್ರ ತೆಗೆದುಕೊಂಡಳು.

ಅವನ ಮನೆಗೆ ಅವಳು ಎಂದೂ ಹೋಗಿರಲಿಲ್ಲ. ಸಂಜೆ ಮಹಡಿ ಮೆಟ್ಟಿಲು ಹತ್ತಿ ಕದ ತಟ್ಟಿದಾಗ ನರೆತ ಕೂದಲಿನ ಹೆಂಗಸೊಬ್ಬಳು ಬಾಗಿಲು ತೆರೆದಳು. ಅವನದೇ ಕಣ್ಣು, ಅವನದೇ ಗದ್ದ.

"ಯೂನಿವರ್ಸಿಟಿಯಿಂದ ಬಂದ್ರಾ ಮೇಡಂ? ಬನ್ನಿ, ಸರ್ ಒಳಗಿದಾರೆ," ಎಂದು ಬಾಗಿಲ ಬದಿಗೆ ಒತ್ತಿಕೊಂಡು ನಿಂತಳು. "ನಾನು ಇಲ್ಲಿ ಕೆಲಸಕ್ಕೆ ಬರೋಳು."

ಅವಳಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಹೆತ್ತ ಮಗನನ್ನು ಈ ತಾಯಿ ಇಂದಿಗೂ ಹೀಗೆ ಕಾಯುತ್ತಿದ್ದಾಳೆ. ತಾನೋ... ಆ ಅವಮಾನವನ್ನೇ ಅಚ್ಚಿಗೆ ಕೊಡಲು ಹೊರಟವಳು.

ಒಳಗೆ ಅವನು ಗೋಡೆಗೆ ಒರಗಿ ನಿಂತಿದ್ದ. ಬಾಗಿಲ ಮಾತು ಕೇಳಿಸಿತ್ತು.

"ಅವಳು ನನ್ನಮ್ಮ," ಎಂದ ಗಟ್ಟಿಯಾಗಿ.

ಅಡುಗೆಮನೆಯತ್ತ ಹೊರಟಿದ್ದ ತಾಯಿಯ ಹೆಜ್ಜೆ ನಿಂತಿತು. ಒಳಗೆ ಬಂದಿದ್ದ ಅವಳು ತಿರುಗಿ ಹೋಗಿ ತಾಯಿಯ ಒದ್ದೆ ಕೈ ಹಿಡಿದುಕೊಂಡಳು.

"ಗೊತ್ತು ಅತ್ತೆ," ಎಂದಳು. ಆ ಕರೆ ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ತಾಯಿ ಮಗನ ಮುಖ ನೋಡಿದಳು. "ಏನೋ ಇದು, ಮೊದ್ಲೇ ಹೇಳ್ಬಾರ್ದಾ? ಹಳೇ ಸೀರೆ ಉಟ್ಕೊಂಡು ನಿಂತಿದೀನಿ," ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

"ಯಾಕೆ ಬಂದೆ?" ಎಂದ ಅವನು.

ಅವಳು ಪತ್ರ ತೋರಿಸಿದಳು. ಸುಳ್ಳು ಹೇಳಲಿಲ್ಲ. "ನಿನ್ನ ಸಹಿ ಹಾಕಿಸ್ಕೊಂಡು ಬಾ ಅಂತ ಕಳಿಸಿದ್ರು. ನಾನೂ ಹೊರಟುಬಂದೆ. ನಾಚಿಕೆ ಬಿಟ್ಟು."

"ಮತ್ತೆ ಯಾಕೆ ಅಳ್ತಿದೀಯ?"

"ನಿನ್ನ ಮಾತು ಕದ್ದೆ. ಅದಕ್ಕೆ ಕ್ಷಮೆ ಕೇಳೋಕೂ ಮುಖ ಇಲ್ಲ. ನಾಳೆ ನಾನೇ ಅದನ್ನ ತೆಗೆದುಹಾಕ್ತೀನಿ. ಯಾಕೆ ತೆಗೆದೆ ಅಂತ ವಿಭಾಗದಲ್ಲಿ ಎಲ್ಲರ ಮುಂದೆ ಹೇಳ್ತೀನಿ. ನಿನ್ನ ಹೆಸರೆತ್ತಲ್ಲ."

"ಮೇಡಂ ನಿನ್ನ ಸುಮ್ನೆ ಬಿಡಲ್ಲ. ಇಷ್ಟು ವರ್ಷದ ದುಡಿಮೆ ನೀರುಪಾಲು."

"ಆಗ್ಲಿ."

ಅವನು ಗೋಡೆ ಬಿಟ್ಟು ಅವಳ ಹತ್ತಿರ ಬಂದ. ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಅದರ ಹಿಂದೆ ಬೇರೇನೋ ಇತ್ತು, ಅದು ಹೋಗಿರಲಿಲ್ಲ.

"ನನ್ನಿಂದ ನಿನ್ನ ಬಿಡೋಕಾಗಲ್ಲ ಕಣೇ. ಪ್ರಯತ್ನಪಟ್ಟೆ, ಮಧ್ಯಾಹ್ನದಿಂದ," ಎಂದ. ಜೇಬಿನಿಂದ ಪೆನ್ನು ತೆಗೆದು ಕೈ ಚಾಚಿದ. "ಕೊಡು. ಸಹಿ ಹಾಕ್ತೀನಿ. ನಿನಗೋಸ್ಕರ."

ಅವಳು ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಎದೆಗೆ ಒತ್ತಿಕೊಂಡಳು. ಪತ್ರ ಅವಳ ಮುಷ್ಟಿಯೊಳಗೇ ಮುದುಡಿತು.

"ಹಟ ಮಾಡ್ಬೇಡ, ಕೊಡು..."

"ಕೊಡಲ್ಲ."