ನಾಲ್ಕನೆಯ ಲಾಳ

ಸವಣೂರಿನಲ್ಲಿ ನಮ್ಮದು ಕುದುರೆಗೆ ಲಾಳ ಕಟ್ಟುತ್ತಿದ್ದ ಮನೆತನ. ಅದೇ ಅಂಗಡಿಯಲ್ಲಿ ನಾನೀಗ ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತೇನೆ. ಹಿಂದೆ ನವಾಬರ ಮನೆಯ ಅಣ್ಣತಮ್ಮಂದಿರ ಗಾದಿಯ ಯುದ್ಧದಲ್ಲಿ ಸೋತ ಸವಾರರು ಕುದುರೆಯ ಲಾಳ ಕೀಳಿಸಿ ಶರಣಾಗಬೇಕಿತ್ತಂತೆ. ಕಿತ್ತವರು ನಮ್ಮ ಹಿರಿಯರು. ಒಬ್ಬ ಸವಾರ ಮಾತ್ರ ಮೂರು ಕೀಳಿಸಿ, "ನಾಲ್ಕನೇದು ಕೊಡಂಗಿಲ್ಲ" ಎಂದು ಹೊರಟೇಬಿಟ್ಟನಂತೆ. ಆ ಮೂರೂ ನಮ್ಮ ಗೋಡೆಯ ಮೇಲಿದ್ದವು.

ಹೋದ ವಾರ ಸುಡುಮಧ್ಯಾಹ್ನ ಖಾಲಿ ಓಣಿಯಲ್ಲಿ ಕುದುರೆಯ ಸಪ್ಪಳ. ಮೂರು ಹೆಜ್ಜೆ ಮೆತ್ತಗೆ, ಒಂದು ಖಣ್. ಅದು ನಮ್ಮ ಬಾಗಿಲಲ್ಲಿ ನಿಂತಿತು. ಕೈಯಲ್ಲಿದ್ದ ಕಾದ ಕಬ್ಬಿಣ ತಣ್ಣಗಾಯಿತು.

"ಬಾಗ್ಲಾ ಹಾಕ, ಗುಲ್ನಾಜ," ಅಂದಳು ಅಮ್ಮಿ.

"ಯಾಕ ಹಾಕ್ಲಿ? ಅವನ್ವು ಅವಂಗ ಕೊಡ್ತೇನಿ."

ಮೂರನ್ನೂ ಹೊಸ್ತಿಲಲ್ಲಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಲಾಳಗಳು ಇರಲಿಲ್ಲ.

ಮರುದಿನ ನಾಲ್ಕೂ ಹೆಜ್ಜೆ ಖಣ್ ಅಂದವು. ನಿನ್ನೆ ಅದರ ಹಿಂದೆ ನೂರಾರು ಬರಿಗೊರಸಿನ ಮೆತ್ತನೆ ಸಪ್ಪಳ ಬಂದು ಬಾಗಿಲಲ್ಲಿ ನಿಂತಿತು.

ಕುಲುಮೆ ಹೊತ್ತಿಸಿದ್ದೇನೆ.